ತಾಲ್ಲೂಕು ಕೋರ್ಟಿನಲ್ಲಿ ನೆರವು ಎಲ್ಲಿ ಸಿಗುತ್ತದೆ, ಹೇಗೆ ಪಡೆಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಿಗೆ ಮೊದಲ ಸಲ ಕಾಲಿಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕೋರ್ಟಿನ ಕಟ್ಟಡದೊಳಗೇ ಉಚಿತವಾಗಿ ನೆರವು ಕೊಡುವ ಕಚೇರಿ ಇರುತ್ತದೆ. ಅದು ಗೊತ್ತಿಲ್ಲದೆ ಗೇಟಿನ ಹತ್ತಿರ ಸಿಕ್ಕವರ ಕೈಗೆ ದುಡ್ಡು ಕೊಟ್ಟು ಹೋಗುವವರೇ ಹೆಚ್ಚು. ಇನ್ನು ಕೆಲವರು ಹೆದರಿ ಬರುವುದೇ ಇಲ್ಲ, ಕೇಸು ಕೈತಪ್ಪಿದ ಮೇಲೆ ಓಡಿ ಬರುತ್ತಾರೆ. ಆ ಎರಡೂ ಕಡಿಮೆಯಾಗಲಿ ಎಂದು ಇಷ್ಟನ್ನು ಬರೆದಿದ್ದೇನೆ.

ಕೋರ್ಟಿನಿಂದ ಸಮನ್ಸ್ ಬಂದಿದೆ. ತಗೊಳ್ಳದೆ ವಾಪಸ್ ಕಳಿಸಿದರೆ ಕೇಸು ನಿಂತುಹೋಗುತ್ತದೆಯೇ?

ನಿಲ್ಲುವುದಿಲ್ಲ. "ಸಹಿ ಹಾಕಬೇಡ, ತಗೋಬೇಡ" ಎಂದು ಊರಲ್ಲಿ ಹೇಳಿಕೊಡುವವರು ಇದ್ದೇ ಇರುತ್ತಾರೆ. ಆ ಮಾತು ಕೇಳಿ ಮನೆ, ಜಮೀನು ಕಳೆದುಕೊಂಡವರಿದ್ದಾರೆ. ಸಮನ್ಸ್ ನಿರಾಕರಿಸಿದರೆ ಅಮೀನರು, ಅಂದರೆ ಅದನ್ನು ತಲುಪಿಸಲು ಬರುವ ಕೋರ್ಟಿನ ಸಿಬ್ಬಂದಿ, ಅದನ್ನು ಬಾಗಿಲಿಗೆ ಅಂಟಿಸಿ, ಹಾಗೆ ಮಾಡಿದ್ದೇನೆಂದು ಕೋರ್ಟಿಗೆ ವರದಿ ಕೊಡುತ್ತಾರೆ. ಅಲ್ಲಿಗೆ ಸಮನ್ಸ್ ಜಾರಿಯಾದಂತೆ. ನೀವು ಬರದಿದ್ದರೆ ನಿಮ್ಮನ್ನು ಏಕಪಕ್ಷೀಯ ಮಾಡಿ, ಎದುರಿನವರ ಮಾತನ್ನಷ್ಟೇ ಕೇಳಿ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಮಾಡಬಹುದು. ಕೋರ್ಟಿನಲ್ಲಿ ಎಲ್ಲರೂ "ಎಕ್ಸ್‌ಪಾರ್ಟಿ" ಎನ್ನುವುದು ಇದಕ್ಕೇ.

ಆದ್ದರಿಂದ ತೆಗೆದುಕೊಳ್ಳಿ, ತೆಗೆದುಕೊಂಡ ದಿನಾಂಕವನ್ನು ಸಹಿಯ ಪಕ್ಕ ಬರೆಯಿರಿ, ಆಮೇಲೆ ಕುಳಿತು ಓದಿ. ಮೇಲ್ಭಾಗದಲ್ಲಿ ಯಾವ ನ್ಯಾಯಾಲಯ ಎಂದಿರುತ್ತದೆ. ಅದರ ಕೆಳಗೆ ಕೇಸಿನ ನಂಬರು. ಓ.ಎಸ್. ಎಂದಿದ್ದರೆ ಸಿವಿಲ್ ದಾವೆ, ಸಿ.ಸಿ. ಎಂದಿದ್ದರೆ ಕ್ರಿಮಿನಲ್ ಪ್ರಕರಣ, ಎಂ.ಸಿ. ಎಂದಿದ್ದರೆ ಗಂಡ ಹೆಂಡತಿಯ ವ್ಯಾಜ್ಯ, ಎಂ.ವಿ.ಸಿ. ಎಂದಿದ್ದರೆ ವಾಹನ ಅಪಘಾತದ ಪರಿಹಾರ. ಮುಂದೆ ವಾದಿ ಯಾರು, ಪ್ರತಿವಾದಿ ಯಾರು, ಯಾವ ತಾರೀಖಿಗೆ ಹಾಜರಾಗಬೇಕು ಎಂಬುದು ಇರುತ್ತದೆ. ಸಿವಿಲ್ ದಾವೆಯಾದರೆ ವಾದಪತ್ರದ ನಕಲನ್ನೂ ಲಗತ್ತಿಸಿರಬೇಕು. ಇಲ್ಲದಿದ್ದರೆ ಮೊದಲ ದಿನವೇ ನ್ಯಾಯಾಧೀಶರ ಮುಂದೆ ಅದನ್ನು ಹೇಳಿ ಕೇಳಿಕೊಳ್ಳಿ.

ಸಿವಿಲ್ ದಾವೆಯಲ್ಲಿ ಸಮನ್ಸ್ ಕೈಸೇರಿದ 30 ದಿನದೊಳಗೆ ಪ್ರತಿವಾದ ಪತ್ರ, ಅಂದರೆ ನಿಮ್ಮ ಲಿಖಿತ ಉತ್ತರ, ಸಲ್ಲಿಸಬೇಕು. ಕಾರಣ ತೋರಿಸಿದರೆ ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು. ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಕೂತರೆ ಆ ದಿನಗಳು ಹಾಗೇ ಜಾರಿಹೋಗುತ್ತವೆ.

ವಕೀಲರಿಗೆ ಕೊಡಲು ಹಣವಿಲ್ಲ. ಸರ್ಕಾರದಿಂದ ವಕೀಲರು ಸಿಗುತ್ತಾರಂತೆ, ಯಾರಿಗೆಲ್ಲ?

ಸಿಗುತ್ತಾರೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರಲ್ಲಿ ಬಂತು, 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೇ ಕಲಂ ಯಾರಿಗೆ ಉಚಿತ ವಕೀಲರ ಹಕ್ಕಿದೆ ಎಂದು ಹೇಳುತ್ತದೆ.

ಎಲ್ಲ ಮಹಿಳೆಯರಿಗೂ ಹಕ್ಕಿದೆ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ "ನಮ್ಮದು ಬಿಪಿಎಲ್ ಕಾರ್ಡ್ ಅಲ್ಲ, ನಮಗೆ ಸಿಗಲ್ಲ" ಎಂದು ಎಷ್ಟೋ ಹೆಣ್ಣುಮಕ್ಕಳು ಹಿಂದೆ ಸರಿಯುತ್ತಾರೆ. ಮಹಿಳೆ ಎಂಬುದೇ ಸಾಕು, ಆದಾಯದ ಪ್ರಶ್ನೆ ಬರುವುದಿಲ್ಲ. ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ಚಾಕರಿಗೆ ಸಿಕ್ಕವರು, ನೆರೆ, ಬರ, ಭೂಕಂಪ, ಜಾತಿ ದೌರ್ಜನ್ಯದಂಥ ವಿಪತ್ತಿಗೆ ಸಿಲುಕಿದವರು, ಬಂಧನದಲ್ಲಿ ಇರುವವರು, ಇವರಿಗೂ ಆದಾಯದ ಮಿತಿ ಇಲ್ಲ. ಉಳಿದವರಿಗೆ ಮಾತ್ರ ವಾರ್ಷಿಕ ಆದಾಯದ ಮಿತಿ ಇದೆ, ಕರ್ನಾಟಕದಲ್ಲಿ ಅದು 3 ಲಕ್ಷ ರೂಪಾಯಿ.

ಇಲ್ಲಿ ಉಚಿತ ಎಂದರೆ ವಕೀಲರ ಫೀಸು ಮಾತ್ರವಲ್ಲ. ಕೋರ್ಟ್ ಶುಲ್ಕ, ಟೈಪಿಂಗ್, ದಾಖಲೆಗಳ ನಕಲು ಪಡೆಯುವ ಖರ್ಚೂ ಅದರಲ್ಲಿ ಸೇರುತ್ತದೆ.

ಆ ಕಚೇರಿ ಎಲ್ಲಿದೆ? ಏನೇನು ತೆಗೆದುಕೊಂಡು ಹೋಗಬೇಕು?

ತಾಲ್ಲೂಕಿನಲ್ಲಿ ಅದರ ಹೆಸರು ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ಕೋರ್ಟಿನ ಕಟ್ಟಡದಲ್ಲೇ ಒಂದು ಕೊಠಡಿಯಲ್ಲಿ ಇರುತ್ತದೆ, ಅಲ್ಲಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು ಅದರ ಅಧ್ಯಕ್ಷರು, ದಿನನಿತ್ಯದ ಕೆಲಸ ನೋಡುವ ಸದಸ್ಯ ಕಾರ್ಯದರ್ಶಿಯೂ ನ್ಯಾಯಾಧೀಶರೇ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿದೆ. ಹೋಗಲಾಗದವರು 15100ಕ್ಕೆ ಫೋನ್ ಮಾಡಬಹುದು.

ಆಧಾರ್ ಕಾರ್ಡ್, ಎರಡು ಫೋಟೋ, ಕೇಸಿಗೆ ಸಂಬಂಧಪಟ್ಟ ಎಲ್ಲ ಕಾಗದಗಳ ಜೆರಾಕ್ಸ್, ಅನ್ವಯಿಸಿದರೆ ಜಾತಿ, ಆದಾಯ ಅಥವಾ ಅಂಗವಿಕಲತೆಯ ಪ್ರಮಾಣಪತ್ರ ಇಟ್ಟುಕೊಳ್ಳಿ. ಅರ್ಜಿ ನಮೂನೆ ಅಲ್ಲೇ ಕೊಡುತ್ತಾರೆ. ಓದು ಬರಹ ಬಾರದಿದ್ದರೆ ಬಾಯಲ್ಲಿ ಹೇಳಿ, ಅರೆ ಕಾನೂನು ಸ್ವಯಂಸೇವಕರು ಬರೆದುಕೊಳ್ಳುತ್ತಾರೆ. ಒಂದು ಪ್ರಮಾಣಪತ್ರ ಕಡಿಮೆ ಇದೆಯೆಂದು ಹೋಗುವುದನ್ನೇ ಮುಂದೂಡಬೇಡಿ, ಹಾಜರಾಗುವ ತಾರೀಖು ಹತ್ತಿರವಿದ್ದರಂತೂ ಇದ್ದಷ್ಟನ್ನು ಹಿಡಿದು ಹೊರಡಿ.

ಪುಕ್ಕಟೆ ವಕೀಲರು ಕೇಸನ್ನು ಸರಿಯಾಗಿ ನಡೆಸುತ್ತಾರೆಯೇ? ಹಣ ಕೇಳಿದರೆ ಏನು ಮಾಡಬೇಕು?

ಪ್ಯಾನೆಲ್‌ನಲ್ಲಿ ಇರುವವರು ಅದೇ ಕೋರ್ಟಿನಲ್ಲಿ ದಿನವೂ ವಾದ ಮಾಡುವ ವಕೀಲರು. ಅವರ ಸಂಭಾವನೆಯನ್ನು ಪ್ರಾಧಿಕಾರ ಕೊಡುತ್ತದೆ, ನಿಮ್ಮಿಂದ ಒಂದು ರೂಪಾಯಿ ತೆಗೆದುಕೊಳ್ಳುವಂತಿಲ್ಲ. ಕೇಳಿದರೆ ಸಮಿತಿಯ ಅಧ್ಯಕ್ಷರಿಗೋ ಜಿಲ್ಲೆಯ ಸದಸ್ಯ ಕಾರ್ಯದರ್ಶಿಗೋ ಲಿಖಿತವಾಗಿ ಕೊಡಿ. ವಕೀಲರು ಡೇಟಿಗೆ ಬರುತ್ತಿಲ್ಲ, ಫೋನ್ ಎತ್ತುತ್ತಿಲ್ಲ ಎಂದಾದರೂ ಅದೇ ದಾರಿ, ಬೇರೆಯವರನ್ನು ನೇಮಿಸಿಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ಕ್ರಿಮಿನಲ್ ಆರೋಪಿಗಳ ಪರವಾಗಿ ಜಿಲ್ಲಾ ಕೇಂದ್ರಗಳಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳಿವೆ. ಅಲ್ಲಿನ ವಕೀಲರು ಪೂರ್ಣಾವಧಿ ಇದೇ ಕೆಲಸಕ್ಕೆ ನೇಮಕವಾದವರು. ಹೇಳಬೇಕೆಂದರೆ, ಖಾಸಗಿಯಾಗಿ ಹಣ ಕೊಟ್ಟು ಇಟ್ಟುಕೊಂಡ ವಕೀಲರೂ ಕಕ್ಷಿದಾರ ಬೆನ್ನು ಹತ್ತದಿದ್ದರೆ ಕೇಸನ್ನು ಮರೆಯಬಹುದು. ಯಾರೇ ಇರಲಿ, ಪ್ರತಿ ಡೇಟಿಗೆ ಮೊದಲು ಒಂದು ಸಲ ಭೇಟಿಯಾಗಿ ಮಾತಾಡಿ.

ಮಗನನ್ನು ಪೊಲೀಸರು ರಾತ್ರಿ ಠಾಣೆಗೆ ಕರೆದುಕೊಂಡು ಹೋಗಿದ್ದಾರೆ. ಈಗ ಯಾರ ಹತ್ತಿರ ಹೋಗಲಿ?

ಮೊದಲು ಠಾಣೆಗೆ ಹೋಗಿ. ಬಂಧಿಸಿದ್ದಾರೋ, ವಿಚಾರಣೆಗೆ ಕರೆಸಿದ್ದಾರೋ ಕೇಳಿ. ಬಂಧಿಸಿದ್ದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಕೊಡಬೇಕು, ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು, ಭಾನುವಾರಕ್ಕೂ ಹಬ್ಬದ ರಜೆಗೂ ವಿನಾಯಿತಿ ಇಲ್ಲ. ಮಹಿಳೆಯನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬರಬೇಕು.

ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ವಕೀಲರಿಲ್ಲದಿದ್ದರೆ "ನಮಗೆ ವಕೀಲರಿಲ್ಲ, ಉಚಿತ ಕಾನೂನು ನೆರವು ಬೇಕು" ಎಂದು ಮಗನೇ ಹೇಳಬಹುದು. ಮೈಮೇಲೆ ಪೆಟ್ಟು ಬಿದ್ದಿದ್ದರೆ ಆಗಲೇ ಹೇಳಿ ತೋರಿಸಬೇಕು. ಮ್ಯಾಜಿಸ್ಟ್ರೇಟರು ಬರೆದುಕೊಳ್ಳುತ್ತಾರೆ, ವೈದ್ಯಕೀಯ ಪರೀಕ್ಷೆಗೆ ಕಳಿಸುತ್ತಾರೆ. ಹೆದರಿ ಅಲ್ಲಿ ಸುಮ್ಮನಿದ್ದರೆ ಮುಂದೆ ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ.

ಜಾಮೀನು ಸಿಗುವ ಅಪರಾಧವಾದರೆ ಠಾಣೆಯಲ್ಲೇ ಬಿಡಬೇಕು. ಇಲ್ಲದಿದ್ದರೆ ಕೋರ್ಟಿನಲ್ಲಿ ಅರ್ಜಿ. ಶ್ಯೂರಿಟಿ ನಿಲ್ಲುವವರು ಗುರುತಿನ ಚೀಟಿ, ಪಹಣಿ ಅಥವಾ ಮನೆಯ ಖಾತೆ ತರಬೇಕಾಗುತ್ತದೆ, ಸರ್ಕಾರಿ ನೌಕರರಾದರೆ ಸಂಬಳದ ಚೀಟಿ ಸಾಕಾಗಬಹುದು. ಬಾಡಿಗೆಗೆ ಶ್ಯೂರಿಟಿ ಕೊಡಿಸುತ್ತೇವೆ ಎಂದು ಆವರಣದಲ್ಲಿ ಹತ್ತಿರ ಬರುವವರನ್ನು ದೂರ ಇಡಿ. ಅವರು ತರುವ ಪಹಣಿ ನಕಲಿ ಎಂದು ಗೊತ್ತಾದರೆ ಜಾಮೀನೂ ಹೋಗುತ್ತದೆ, ಹೊಸ ಕೇಸೂ ಬೀಳುತ್ತದೆ. ಜಾಮೀನು ಆದೇಶವಾಗಿಯೂ ಶ್ಯೂರಿಟಿ ಸಿಗದೆ 7 ದಿನ ಜೈಲಿನಲ್ಲೇ ಉಳಿದರೆ ಜೈಲಿನವರು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸೂಚಿಸಿದೆ. ನೀವೂ ಹೋಗಿ ತಿಳಿಸಿ, ಷರತ್ತು ಸಡಿಲಿಸಲು ಅರ್ಜಿ ಹಾಕಿಸುತ್ತಾರೆ.

ಠಾಣೆಯಲ್ಲಿ ದೂರು ತೆಗೆದುಕೊಳ್ಳುತ್ತಿಲ್ಲ.

ಬರೆದ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ನಗರಗಳಲ್ಲಿ ಆಯುಕ್ತರ ಕಚೇರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಖಾಸಗಿ ದೂರು ಹಾಕಬಹುದು, ಆಗ ಈ ರಸೀದಿ ಬೇಕೇ ಬೇಕು. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಗಂಭೀರ ಅಪರಾಧದ ದೂರನ್ನು ನಿರಾಕರಿಸುವಂತಿಲ್ಲ.

ಮೊದಲ ಸಲ ಕೋರ್ಟಿಗೆ ಹೋಗುತ್ತಿದ್ದೇನೆ. ಒಳಗೆ ಏನು ಮಾಡಬೇಕು?

ಕಲಾಪ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ಶುರು. ಅರ್ಧ ಗಂಟೆ ಮುಂಚೆ ಹೋಗಿ. ಹಾಲ್‌ನ ಬಾಗಿಲ ಪಕ್ಕದ ಫಲಕದಲ್ಲಿ ಅಂದಿನ ಕೇಸುಗಳ ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ನಿಮ್ಮ ನಂಬರು ಎಷ್ಟನೆಯದು ನೋಡಿಕೊಳ್ಳಿ. ಸರದಿ ಬಂದಾಗ ಜವಾನರು ಬಾಗಿಲಿಗೆ ಬಂದು ಹೆಸರು ಕೂಗುತ್ತಾರೆ. ಕಾರಿಡಾರಿನಲ್ಲಿ ನೂರಾರು ಜನರ ಗದ್ದಲ, ಕೂಗಿದ್ದು ಕೇಳಿಸದೆ ಹೋಗುವುದು ಸಾಮಾನ್ಯ. ಚಹಾ ಕುಡಿಯಲು ಆಚೆ ಹೋಗಿದ್ದಾಗಲೇ ಕೂಗಿ, ಗೈರುಹಾಜರಿ ಬರೆದು, ಕಡತ ಪಕ್ಕಕ್ಕೆ ಹೋಗಿರುತ್ತದೆ. ಹಾಗಾಗಿ ಹಾಲ್‌ನ ಒಳಗೇ ಹಿಂದಿನ ಬೆಂಚಿನಲ್ಲಿ ಕುಳಿತಿರಿ.

ಫೋನನ್ನು ಆಫ್ ಮಾಡಿ. ಹೆಸರು ಕೂಗಿದಾಗ ಮುಂದೆ ಹೋಗಿ ಕೈಮುಗಿದು ನಿಂತರೆ ಸಾಕು. ವಕೀಲರಿಲ್ಲದಿದ್ದರೆ "ಸ್ವಾಮಿ, ವಕೀಲರನ್ನು ಇಟ್ಟುಕೊಳ್ಳಲು ಸಮಯ ಬೇಕು" ಎಂದು ಕನ್ನಡದಲ್ಲೇ ಹೇಳಿ. ಮುಂದಿನ ತಾರೀಖನ್ನು ಹೊರಗೆ ಬಂದು ಯಾರನ್ನೋ ಕೇಳುವ ಬದಲು ಅಲ್ಲೇ ಬೆಂಚ್ ಕ್ಲರ್ಕ್ ಹತ್ತಿರ ಕೇಳಿ ಬರೆದುಕೊಳ್ಳಿ.

ವಕೀಲರಿಲ್ಲದೆ ಸ್ವತಃ ವಾದ ಮಾಡುವ ಹಕ್ಕೂ ನಿಮಗಿದೆ. ಆದರೆ ಆಸ್ತಿ ದಾವೆಯಲ್ಲೋ ಗಂಭೀರ ಕ್ರಿಮಿನಲ್ ಕೇಸಿನಲ್ಲೋ ಹಾಗೆ ಮಾಡಬೇಡಿ ಎನ್ನುತ್ತೇನೆ. ಪಾಟೀಸವಾಲಿನಲ್ಲಿ, ಅಂದರೆ ಎದುರಿನವರ ಸಾಕ್ಷಿಯನ್ನು ಪ್ರಶ್ನಿಸುವಾಗ, ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು ಮೇಲ್ಮನವಿಯಲ್ಲಿ ಸರಿಪಡಿಸಲು ಸಾಧ್ಯವಾಗದೆ ಹೋಗಬಹುದು.

ಡೇಟ್ ತಪ್ಪಿಹೋಯಿತು. ವಾರಂಟ್ ಆಗಿದೆಯಂತೆ.

ಅವತ್ತೋ ಮರುದಿನವೋ ವಕೀಲರ ಜೊತೆ ಹೋಗಿ ವಾರಂಟ್ ರದ್ದತಿಗೆ ಅರ್ಜಿ ಹಾಕಿ. ತಾವಾಗಿ ಬಂದವರನ್ನು ಕೋರ್ಟು ನೋಡುವ ರೀತಿ ಬೇರೆ, ಪೊಲೀಸರು ಹಿಡಿದು ತಂದವರನ್ನು ನೋಡುವ ರೀತಿ ಬೇರೆ. ಆಸ್ಪತ್ರೆಯಲ್ಲಿದ್ದರೆ ಅದರ ಚೀಟಿ ತನ್ನಿ. ಸಿವಿಲ್ ದಾವೆಯಲ್ಲಿ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಅದನ್ನು ತೆಗೆದುಹಾಕಿ ಎಂದು ಕೇಳಲು 30 ದಿನದ ಅವಧಿ ಇದೆ. ಸಮನ್ಸೇ ಸರಿಯಾಗಿ ಜಾರಿಯಾಗಿರಲಿಲ್ಲ ಎಂದಾದರೆ ಡಿಕ್ರಿ ಗೊತ್ತಾದ ದಿನದಿಂದ ಎಣಿಸುತ್ತಾರೆ.

ಕೇಸು ಎಲ್ಲಿಗೆ ಬಂತು ಎಂದು ಮನೆಯಲ್ಲೇ ನೋಡಬಹುದೇ?

ನೋಡಬಹುದು. ಇ-ಕೋರ್ಟ್ಸ್ ಸರ್ವಿಸಸ್ ಎಂಬ ಉಚಿತ ಆ್ಯಪ್ ಇದೆ, ಜಾಲತಾಣವೂ ಇದೆ. ಪ್ರತಿ ಕೇಸಿಗೆ ಸಿಎನ್‌ಆರ್ ಎಂಬ 16 ಅಕ್ಷರ ಹಾಗೂ ಅಂಕಿಗಳ ಗುರುತು ಇರುತ್ತದೆ, ಕರ್ನಾಟಕದ್ದು ಕೆ ಎ ಎಂದು ಶುರುವಾಗುತ್ತದೆ. ಅದನ್ನು ಹಾಕಿದರೆ ಮುಂದಿನ ತಾರೀಖು, ಹಿಂದಿನ ಪ್ರತಿ ದಿನ ಏನಾಯಿತು, ಆದೇಶದ ಪ್ರತಿ ಎಲ್ಲ ಬರುತ್ತದೆ. ಸಿಎನ್‌ಆರ್ ಗೊತ್ತಿಲ್ಲದಿದ್ದರೆ ಜಿಲ್ಲೆ, ಕೋರ್ಟು ಆರಿಸಿ ನಿಮ್ಮ ಹೆಸರಿನಿಂದಲೂ ಹುಡುಕಬಹುದು. ಊರಿನಲ್ಲಿ ಹತ್ತನೇ ತರಗತಿ ಓದುವ ಯಾವ ಮಗುವೂ ಇದನ್ನು ತೆಗೆದು ತೋರಿಸಬಲ್ಲದು. ಡೇಟ್ ಕೇಳಲೆಂದೇ ಕೂಲಿ ಬಿಟ್ಟು ಬಸ್ಸು ಹತ್ತುವುದು ಇದರಿಂದ ತಪ್ಪುತ್ತದೆ.

ಪಹಣಿಯಲ್ಲಿ ನಮ್ಮ ಹೆಸರು ತೆಗೆದು ಅಣ್ಣನ ಹೆಸರು ಹಾಕಿದ್ದಾರೆ. ಇದಕ್ಕೆ ಯಾವ ಕೋರ್ಟು?

ಇಲ್ಲಿ ಜನ ವರ್ಷಗಟ್ಟಲೆ ತಪ್ಪು ಬಾಗಿಲು ತಟ್ಟುತ್ತಾರೆ. ಖಾತೆ ಬದಲಾವಣೆ ಮಾಡಿದ ಆದೇಶವನ್ನು ಪ್ರಶ್ನಿಸುವುದಾದರೆ ಉಪವಿಭಾಗಾಧಿಕಾರಿಗಳ ಬಳಿ ಮೇಲ್ಮನವಿ, ಅಂದರೆ ಎಸಿ ಕೋರ್ಟ್. ಅಲ್ಲಿಂದ ಜಿಲ್ಲಾಧಿಕಾರಿಗಳ ಬಳಿ ಪುನರೀಕ್ಷಣೆ. ಇದೆಲ್ಲ 1964ರ ಭೂಕಂದಾಯ ಕಾಯ್ದೆಯ 136ನೇ ಕಲಂ ಪ್ರಕಾರ. ಆದರೆ ಜಮೀನು ಯಾರದು ಎಂಬ ಮೂಲ ಪ್ರಶ್ನೆಯನ್ನು ಕಂದಾಯ ಅಧಿಕಾರಿಗಳು ತೀರ್ಮಾನಿಸುವುದಿಲ್ಲ. ಪಾಲು ಬೇಕು, ಕ್ರಯಪತ್ರ ಸುಳ್ಳು, ಉಯಿಲು ನಕಲಿ ಎನ್ನುವುದಾದರೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಮಾರಾಟ ಮಾಡಿಬಿಡುತ್ತಾರೆ ಎಂಬ ಭಯವಿದ್ದರೆ ದಾವೆಯ ಜೊತೆಗೇ ತಡೆಯಾಜ್ಞೆ ಕೇಳಿ.

ಹೊರಡುವ ಮುಂಚೆ ನಾಡಕಚೇರಿಯಲ್ಲಿ ಪಹಣಿ, ಮ್ಯುಟೇಷನ್ ಪ್ರತಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ, ವಂಶವೃಕ್ಷವನ್ನೂ ಮಾಡಿಸಿ. ಈ ನಾಲ್ಕು ಕಾಗದ ಕೈಯಲ್ಲಿದ್ದರೆ ವಕೀಲರು ಮೊದಲ ಭೇಟಿಯಲ್ಲೇ ದಾರಿ ಹೇಳಬಲ್ಲರು.

ತವರಿನ ಆಸ್ತಿಯಲ್ಲಿ ನನಗೆ ಪಾಲಿದೆಯೇ? ಮದುವೆಯಾಗಿ ಇಪ್ಪತ್ತು ವರ್ಷವಾಯಿತು.

ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲಿದೆ. 2005ರ ಸೆಪ್ಟೆಂಬರ್ 9ರ ತಿದ್ದುಪಡಿ ಅದನ್ನು ಇಡೀ ದೇಶಕ್ಕೆ ತಂದಿತು. ಅದಕ್ಕೂ ಮುಂಚೆ 1994ರಲ್ಲೇ ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿತ್ತು. 2005ರ ಆ ದಿನ ತಂದೆ ಬದುಕಿರಲೇಬೇಕಾಗಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ವಿಭಾಗವಾಗಿದ್ದರೆ ಮಾತ್ರ ಅದನ್ನು ಕೆದಕಲಾಗದು. ತಂದೆಯ ಸ್ವಯಾರ್ಜಿತ ಆಸ್ತಿಯಾದರೆ ಉಯಿಲು ಬರೆಯುವ ಹಕ್ಕು ಅವರಿಗಿತ್ತು.

ಅರಿಶಿನ ಕುಂಕುಮ, ಸೀರೆ ಕೊಟ್ಟು "ಬ್ಯಾಂಕ್ ಸಾಲಕ್ಕೆ" ಎಂದು ಸಹಿ ಹಾಕಿಸಿಕೊಳ್ಳುವ ಕಾಗದ ಹಕ್ಕು ಬಿಡುಗಡೆ ಪತ್ರವಾಗಿರಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದರೆ ಪತ್ರವನ್ನು ಪೂರ್ತಿ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ.

ಮನೆಯಲ್ಲಿ ಹೊಡೆಯುತ್ತಾರೆ. ಪೊಲೀಸ್ ಕೇಸು ಬೇಡ, ರಕ್ಷಣೆ ಬೇಕು.

ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇರುವುದೇ ಇದಕ್ಕೆ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿಯ ದಾರಿ ಹೇಳುತ್ತಾರೆ. ಅವರು ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಹೊಡೆಯದಂತೆ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ, ಮಕ್ಕಳ ವಶ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮಹಿಳಾ ಸಹಾಯವಾಣಿ 181, ಪ್ರಾಣಕ್ಕೆ ಅಪಾಯವಿದ್ದರೆ 112. ಜಿಲ್ಲಾ ಕೇಂದ್ರದ ಸಖಿ ಕೇಂದ್ರದಲ್ಲಿ ತಾತ್ಕಾಲಿಕವಾಗಿ ಉಳಿಯಲು ಜಾಗವೂ ಇದೆ. ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಾರಣವನ್ನು ಇದ್ದ ಹಾಗೆ ಹೇಳಿ. "ಜಾರಿ ಬಿದ್ದೆ" ಎಂದು ಚೀಟಿಯಲ್ಲಿ ಬರೆಸಿದ್ದು ಮುಂದೆ ನಿಮಗೇ ಎದುರಾಗುತ್ತದೆ.

ಮಗನಿಗೆ ಮನೆ ಬರೆದುಕೊಟ್ಟೆ, ಈಗ ಅನ್ನ ಹಾಕುತ್ತಿಲ್ಲ.

ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಿ. ಮಕ್ಕಳಿಂದ ಜೀವನಾಂಶ ಕೊಡಿಸುತ್ತಾರೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು ರದ್ದು ಮಾಡುವ ಅಧಿಕಾರವೂ ಅವರಿಗಿದೆ. ಆ ಷರತ್ತು ಪತ್ರದಲ್ಲಿ ಬರೆದಿದ್ದರೆ ಕೆಲಸ ಬಹಳ ಸುಲಭ. ಇನ್ನೂ ಬರೆದುಕೊಡದ ಹಿರಿಯರು ದಯವಿಟ್ಟು ಆ ಒಂದು ಸಾಲನ್ನು ಸೇರಿಸಿ. ಹಿರಿಯರ ಸಹಾಯವಾಣಿ 14567.

ಲೋಕ್ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ ಎನ್ನುತ್ತಿದ್ದಾರೆ. ಒಪ್ಪಲೇ?

ಅಪಘಾತ ಪರಿಹಾರ, ಚೆಕ್ ಬೌನ್ಸ್, ಬ್ಯಾಂಕ್ ಸಾಲ, ಅಣ್ಣತಮ್ಮಂದಿರ ಪಾಲು ಇಂಥವಕ್ಕೆ ಅದಾಲತ್ ಒಳ್ಳೆಯ ಜಾಗ. ಇತ್ಯರ್ಥವಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಆ ಆದೇಶಕ್ಕೆ ಡಿಕ್ರಿಯ ಬಲವಿದೆ. ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಒಪ್ಪಿ ಸಹಿ ಹಾಕಿದ ಮೇಲೆ "ಕಡಿಮೆಯಾಯಿತು" ಎಂದರೆ ಯಾರೂ ಕೇಳುವುದಿಲ್ಲ. ಆದ್ದರಿಂದ ಮೊತ್ತ ಎಷ್ಟು, ಎಂದಿನೊಳಗೆ ಕೊಡುತ್ತಾರೆ, ಕೊಡದಿದ್ದರೆ ಬಡ್ಡಿ ಎಷ್ಟು ಎಂಬುದು ಕಾಗದದಲ್ಲಿದೆಯೇ ಎಂದು ಓದಿಸಿ ನೋಡಿ. ಮನಸ್ಸಿಗೆ ಬಾರದಿದ್ದರೆ ಬೇಡ ಎನ್ನಿ. ಕೇಸು ಮೊದಲಿನಂತೆ ಮುಂದುವರಿಯುತ್ತದೆ, ಬೇಡ ಎಂದಿದ್ದಕ್ಕೆ ನಿಮ್ಮ ಮೇಲೆ ತಪ್ಪು ಬರುವುದಿಲ್ಲ.

ವಕೀಲರನ್ನು ಬದಲಾಯಿಸಬೇಕು. ಬಾಕಿ ಫೀಸು ಕೊಡುವವರೆಗೂ ಫೈಲ್ ಕೊಡಲ್ಲ ಎನ್ನುತ್ತಾರೆ.

ಫೀಸು ಬಾಕಿ ಇದೆಯೆಂದು ಕಕ್ಷಿದಾರರ ಕಡತವನ್ನು ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಮೊದಲು ಸೌಜನ್ಯದಿಂದ ಎನ್‌ಒಸಿ, ಅಂದರೆ ಬೇರೆ ವಕೀಲರನ್ನು ಇಟ್ಟುಕೊಳ್ಳಲು ಆಕ್ಷೇಪವಿಲ್ಲ ಎಂಬ ಪತ್ರ, ಕೇಳಿ, ಹೆಚ್ಚಿನವರು ಕೊಡುತ್ತಾರೆ. ಇಲ್ಲದಿದ್ದರೆ ಕೋರ್ಟಿಗೇ ಅರ್ಜಿ, ತೀರಾ ಆದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು. ಗೆದ್ದರೆ ಆಸ್ತಿಯಲ್ಲಿ ಇಷ್ಟು ಪಾಲು ಎಂದು ಫೀಸು ಮಾತಾಡುವುದು ವಕೀಲರಿಗೆ ನಿಷಿದ್ಧ, ಅಂಥ ಕರಾರಿಗೆ ಸಹಿ ಹಾಕಬೇಡಿ. ಮತ್ತು ಮೂಲ ದಾಖಲೆಗಳನ್ನು ಕೊಡುವಾಗ ಯಾವ್ಯಾವುದು ಎಂದು ಪಟ್ಟಿ ಬರೆದು ಸಹಿ ಪಡೆದಿರಿ.

ತೀರ್ಪು ನಮ್ಮ ವಿರುದ್ಧ ಬಂತು. ಮುಂದೇನು?

ಅದೇ ದಿನ ನಕಲು ವಿಭಾಗದಲ್ಲಿ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಸಿವಿಲ್ ಮೇಲ್ಮನವಿಗೆ ಕೆಳಹಂತದಲ್ಲಿ 30 ದಿನ, ಹೈಕೋರ್ಟಿಗೆ 90 ದಿನ. ಕ್ರಿಮಿನಲ್ ಶಿಕ್ಷೆಯಾದರೆ ಸತ್ರ ನ್ಯಾಯಾಲಯಕ್ಕೆ 30, ಹೈಕೋರ್ಟಿಗೆ 60. ನಕಲು ತಯಾರಾಗಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ, ಆದರೆ ನೀವು ಅರ್ಜಿ ಹಾಕಲು ತಡಮಾಡಿದ ದಿನಗಳನ್ನು ಎಣಿಸುತ್ತಾರೆ. ಹೈಕೋರ್ಟ್ ಎಂದರೆ ಎಲ್ಲರೂ ಬೆಂಗಳೂರಿಗೇ ಹೋಗಬೇಕಿಲ್ಲ. ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಿಂದ ಪೀಠಗಳಿವೆ, 2013ರಲ್ಲಿ ಅವು ಕಾಯಂ ಆದವು. ಅಲ್ಲೂ ಉಚಿತ ವಕೀಲರನ್ನು ನೇಮಿಸುವ ಕಾನೂನು ಸೇವೆಗಳ ಸಮಿತಿ ಇದೆ.

ನಾನು ದುಬೈನಲ್ಲಿದ್ದೇನೆ. ಊರಿನ ಕೇಸನ್ನು ತಮ್ಮ ನಡೆಸಬಹುದೇ?

ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ, ಅಂದರೆ ಜಿಪಿಎ ಕಳಿಸಿ. ಅದು ಊರಿಗೆ ತಲುಪಿದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ತಮ್ಮ ದಾವೆ ಹಾಕಬಹುದು, ಡೇಟುಗಳಿಗೆ ಹೋಗಬಹುದು. ಆದರೆ ನಿಮಗೆ ಮಾತ್ರ ಖುದ್ದಾಗಿ ಗೊತ್ತಿರುವ ಸಂಗತಿಗಳ ಬಗ್ಗೆ ನಿಮ್ಮ ಬದಲಿಗೆ ಅವನು ಸಾಕ್ಷಿ ಹೇಳಲಾರ. ಆ ಹಂತಕ್ಕೆ ರಜೆ ಉಳಿಸಿಕೊಳ್ಳಿ, ಅಥವಾ ವಿಡಿಯೊ ಮೂಲಕ ಸಾಕ್ಷ್ಯ ನುಡಿಯಲು ಅನುಮತಿ ಕೇಳಿ ಮುಂಚಿತವಾಗಿ ಅರ್ಜಿ ಹಾಕಿಸಿ.